ರಿಯಾಕ್ಟ್ ಕಲಿಯಲೋ ವ್ಯೂ ಕಲಿಯಲೋ ಎಂದು ಕೇಳುವವರಿಗೆ

“ವೆಬ್ ಫ್ರೇಮ್‌ವರ್ಕ್ ಒಂದನ್ನು ಕಲಿಯಬೇಕು. ರಿಯಾಕ್ಟ್ ಕಲಿಯಲೋ, ವ್ಯೂ ಕಲಿಯಲೋ? ಒಂದೇ ಮಾತಿನಲ್ಲಿ ಹೇಳಿಬಿಡಿ.” ಕೆಲಸ ಹುಡುಕುತ್ತಿರುವವರು, ಹೊಸದಾಗಿ ಕೆಲಸಕ್ಕೆ ಸೇರಿದವರು, ಬೇರೆ ಕ್ಷೇತ್ರದಿಂದ ಇತ್ತ ಬರಲು ಹೊರಟವರು, ಎಲ್ಲರೂ ಇದನ್ನೇ ಕೇಳುತ್ತಾರೆ. ವೆಬ್ ಪುಟಗಳನ್ನು ಕಟ್ಟಲು ನೆರವಾಗುವ ಸಿದ್ಧ ಕೋಡ್‌ನ ಚೌಕಟ್ಟೇ ವೆಬ್ ಫ್ರೇಮ್‌ವರ್ಕ್; ರಿಯಾಕ್ಟ್, ವ್ಯೂ ಅಂಥವು. ಬಾಯಲ್ಲಿ ಹೇಳಿ ಸಾಕಾಗಿರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ನೀವು ಸೇರಿರುವ ಅಥವಾ ಸೇರಬೇಕೆಂದಿರುವ ತಂಡ ಯಾವುದನ್ನು ಬಳಸುತ್ತಿದೆಯೋ ಅದನ್ನು ಕಲಿಯಿರಿ. ಅಂಥ ತಂಡ ಇನ್ನೂ ಇಲ್ಲವಾದರೆ, ಪುಟದ ರಚನೆಯನ್ನು ಹೇಳುವ ಎಚ್‌ಟಿಎಂಎಲ್ ಬರೆದು ಕೈ ಪಳಗಿದವರು ವ್ಯೂ ಹಿಡಿಯಿರಿ, ಪುಟ ಹೇಗೆ ವರ್ತಿಸಬೇಕೆಂದು ಹೇಳುವ ಜಾವಾಸ್ಕ್ರಿಪ್ಟ್ ಬರೆದು ಪಳಗಿದವರು ರಿಯಾಕ್ಟ್ ಹಿಡಿಯಿರಿ, ಎರಡೂ ಬಾರದವರು ಫ್ರೇಮ್‌ವರ್ಕ್ ಅನ್ನು ಬದಿಗಿಟ್ಟು ಆ ಎರಡನ್ನೇ ಮೊದಲು ಕಲಿಯಿರಿ.

ಇಷ್ಟಕ್ಕೆ ಯಾರೂ ಸುಮ್ಮನಾಗುವುದಿಲ್ಲ. ಇದೇ ಬಗೆಯ ಬೇರೆ ಫ್ರೇಮ್‌ವರ್ಕ್‌ಗಳ ಹೆಸರೆತ್ತುತ್ತಾರೆ. “ಹಾಗಾದರೆ ಸ್ವೆಲ್ಟ್ ಬೇಡವೇ?”, “ಆಂಗ್ಯುಲರ್ ಹಳೆಯದಾಯಿತಂತೆ, ಹೌದೇ?”, “ಇನ್ನು ಐದು ವರ್ಷಕ್ಕೆ ಯಾವುದು ಉಳಿಯುತ್ತದೆ?” ಎಂದು ಪ್ರಶ್ನೆಗಳು ಬೆಳೆಯುತ್ತಲೇ ಹೋಗುತ್ತವೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ರಿಯಾಕ್ಟ್ ಹೊರಬಂದದ್ದು 2013ರಲ್ಲಿ, ವ್ಯೂ 2014ರಲ್ಲಿ, ಸ್ವೆಲ್ಟ್ ಮತ್ತು ಈಗಿನ ರೂಪದ ಆಂಗ್ಯುಲರ್ 2016ರಲ್ಲಿ. ನಾಲ್ಕೂ ಇಂದಿಗೂ ಬಳಕೆಯಲ್ಲಿವೆ, ನಾಲ್ಕರ ಒಳತಿರುಳೂ ಒಂದೇ. ಪರದೆಯನ್ನು ಕಾಂಪೊನೆಂಟ್‌ಗಳಾಗಿ, ಎಂದರೆ ಬಿಡಿ ಭಾಗಗಳಾಗಿ, ಒಡೆಯುತ್ತೀರಿ. ಬದಲಾಗುವ ಮಾಹಿತಿಯನ್ನು ಸ್ಟೇಟ್ ಆಗಿ ಇಡುತ್ತೀರಿ. ಆ ಮಾಹಿತಿ ಪ್ರಾಪ್ಸ್ ಎಂಬ ಮೌಲ್ಯಗಳ ಮೂಲಕ ಕೆಳಗಿನ ಕಾಂಪೊನೆಂಟ್‌ಗಳಿಗೆ ಇಳಿಯುತ್ತದೆ, ಬಳಕೆದಾರ ಏನನ್ನಾದರೂ ಒತ್ತಿದಾಗ ಆ ಸುದ್ದಿ ಮೇಲಕ್ಕೆ ಹೋಗುತ್ತದೆ. ಸ್ಟೇಟ್ ಬದಲಾದೊಡನೆ ಪರದೆಯನ್ನು ಅದಕ್ಕೆ ಹೊಂದಿಸುವ ಹೊಣೆ ಫ್ರೇಮ್‌ವರ್ಕ್‌ನದು. ಇದನ್ನು ಒಂದರಲ್ಲಿ ನಿಜವಾಗಿ ಕಲಿತವನಿಗೆ ಇನ್ನೊಂದು ಹೊಸ ಲಿಪಿಯಷ್ಟೇ ಹೊರತು ಹೊಸ ಭಾಷೆಯಲ್ಲ.

ವ್ಯತ್ಯಾಸಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸ್ಟೇಟ್‌ನಲ್ಲಿರುವ ಅರೇಗೆ (ಮೌಲ್ಯಗಳ ಪಟ್ಟಿಗೆ) ಪುಶ್ ಮಾಡಿ ಹೊಸ ಅಂಶವನ್ನು ಸೇರಿಸಿದರೆ ವ್ಯೂ ಅದನ್ನು ಗಮನಿಸುತ್ತದೆ, ಏಕೆಂದರೆ ಅದರ ಮೂರನೆಯ ಆವೃತ್ತಿ ಜಾವಾಸ್ಕ್ರಿಪ್ಟ್‌ನ ಪ್ರಾಕ್ಸಿ ಎಂಬ ನಡುವಣ ಕಾವಲುಗಾರನ ಮೂಲಕ ಆ ಅರೇಯ ಮೇಲೆ ಕಣ್ಣಿಟ್ಟಿರುತ್ತದೆ. ರಿಯಾಕ್ಟ್ ಹಾಗೆ ಕಣ್ಣಿಟ್ಟಿರುವುದಿಲ್ಲ. ನೀವು ಕೊಟ್ಟದ್ದು ಮೊದಲಿನದೇ ಅರೇಯೋ ಬೇರೆಯದೋ ಎಂಬುದನ್ನಷ್ಟೇ ಅದು ನೋಡುತ್ತದೆ. ಅದೇ ಅರೇಯನ್ನು ಮರಳಿ ಕೊಟ್ಟರೆ ಪರದೆ ಕದಲುವುದಿಲ್ಲ, ಹೊಸ ಅರೇಯನ್ನೇ ಕಟ್ಟಿಕೊಡಬೇಕು. ಆದರೆ ಈ ವ್ಯತ್ಯಾಸ ಅರ್ಥವಾಗಬೇಕಾದರೂ ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಅರೇಗಳನ್ನು ಹೋಲಿಸಿದಾಗ ಏನಾಗುತ್ತದೆ ಎಂಬುದು ಮೊದಲು ತಿಳಿದಿರಬೇಕು.

ಒಮ್ಮೆ ಒಬ್ಬ ಹುಡುಗ ಲ್ಯಾಪ್‌ಟಾಪ್ ತೆರೆದುಕೊಂಡೇ ನನ್ನ ಬಳಿ ಬಂದ. “ಸರ್, ರಿಯಾಕ್ಟ್‌ನಲ್ಲಿ ಬಗ್ ಇದೆ, ನಾನು ವ್ಯೂಗೆ ಹೋಗಬೇಕೆಂದಿದ್ದೇನೆ, ಸರಿಯೇ?” ಎಂದ. ಪರದೆಯ ಮೇಲೆ ಕೆಲಸಗಳ ಒಂದು ಪಟ್ಟಿ, ಪ್ರತಿ ಸಾಲಿನಲ್ಲೂ ಟಿಪ್ಪಣಿ ಬರೆಯಲು ಒಂದು ಟೆಕ್ಸ್ಟ್ ಬಾಕ್ಸ್ ಇದ್ದವು. ಎರಡನೆಯ ಸಾಲನ್ನು ಅಳಿಸಿದರೆ ಆ ಕೆಲಸದ ಹೆಸರು ಹೋಗುತ್ತಿತ್ತು, ಆದರೆ ಅದಕ್ಕೆ ಬರೆದಿದ್ದ ಟಿಪ್ಪಣಿ ಅಲ್ಲೇ ಉಳಿದು, ಮೇಲಕ್ಕೆ ಸರಿದು ಬಂದ ಮೂರನೆಯ ಕೆಲಸಕ್ಕೆ ಅಂಟಿಕೊಳ್ಳುತ್ತಿತ್ತು. ಕಾಣೆಯಾಗುತ್ತಿದ್ದದ್ದು ಕೊನೆಯ ಸಾಲಿನ ಟಿಪ್ಪಣಿ. ಕೋಡ್ ನೋಡಿದೆ. ಪ್ರತಿ ಸಾಲನ್ನೂ ಗುರುತಿಸಲು ಕೊಡಬೇಕಾದ ಕೀಯ ಜಾಗದಲ್ಲಿ ಅರೇಯ ಇಂಡೆಕ್ಸ್, ಎಂದರೆ ಸಾಲಿನ ಕ್ರಮಸಂಖ್ಯೆ, ಕೊಟ್ಟಿದ್ದ. ಎರಡನೆಯದನ್ನು ಅಳಿಸಿದ ಕೂಡಲೇ ಮೂರನೆಯದೇ ಎರಡನೆಯದಾಗುತ್ತದೆ. ರಿಯಾಕ್ಟ್‌ನ ಕಣ್ಣಿಗೆ ಎರಡನೆಯ ಸಾಲು ಇನ್ನೂ ಅಲ್ಲೇ ಇದೆ, ಇಲ್ಲವಾದದ್ದು ಕೊನೆಯ ಸಾಲು ಮಾತ್ರ. ಹೀಗಾಗಿ ಅದು ಕೊನೆಯ ಬಾಕ್ಸನ್ನೇ ತೆಗೆಯುತ್ತದೆ. ಪ್ರತಿ ಕೆಲಸಕ್ಕೂ ಬದಲಾಗದ ಒಂದು ಐಡಿ ಇಟ್ಟು ಅದನ್ನೇ ಕೀ ಮಾಡಿದ ಮೇಲೆ ಎಲ್ಲವೂ ಸರಿಹೋಯಿತು.

ಅವನು ವ್ಯೂಗೆ ಹೋಗಿ ಅಲ್ಲಿಯೂ ಇಂಡೆಕ್ಸನ್ನೇ ಕೀ ಮಾಡಿದ್ದರೆ ಇದೇ ತೊಂದರೆ ಎದುರಾಗುತ್ತಿತ್ತು. ಸ್ವೆಲ್ಟ್‌ನಲ್ಲಿ ಕೀ ಕೊಡದೆ ಪಟ್ಟಿ ಬರೆದರೂ ಅಷ್ಟೆ. ಆಂಗ್ಯುಲರ್‌ನ ಪಟ್ಟಿ ಬರೆಯುವ ಹೊಸ ಫಾರ್ ಬ್ಲಾಕ್‌ನಲ್ಲಿ ಟ್ರ್ಯಾಕ್ ಎಂಬ ಗುರುತನ್ನು ಬರೆಯಲೇಬೇಕೆಂಬ ಕಡ್ಡಾಯವಿದೆ, ಆದರೆ ಅಲ್ಲಿಗೂ ಇಂಡೆಕ್ಸ್ ತುಂಬಿದರೆ ಫಲ ಒಂದೇ. ಯಾವ ಸಾಲು ಯಾವುದೆಂದು ನೀವು ಹೇಳದಿದ್ದರೆ ಯಾವ ಫ್ರೇಮ್‌ವರ್ಕ್ ತಾನೇ ಊಹಿಸೀತು? ಚೆನ್ನಾಗಿ ಕಲಿಯಬಲ್ಲ ಒಬ್ಬ ಹುಡುಗ ಒಂದು ಐಡಿಯ ವಿಷಯ ತಿಳಿಯದೆ, ಕಲಿತದ್ದನ್ನೆಲ್ಲ ಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸಲು ಹೊರಟಿದ್ದನಲ್ಲ, ಅದು ನನಗೆ ಇಂದಿಗೂ ಬೇಸರದ ಸಂಗತಿ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಈ ಮಾಹಿತಿ ಯಾವ ಕಾಂಪೊನೆಂಟ್‌ನ ಬಳಿ ಇರಬೇಕು? ಹುಡುಕುವ ಒಂದು ಪೆಟ್ಟಿಗೆ, ಅದರ ಕೆಳಗೊಂದು ಪಟ್ಟಿ ಎಂದುಕೊಳ್ಳಿ. ಪೆಟ್ಟಿಗೆಯಲ್ಲಿ ಟೈಪ್ ಮಾಡಿದ ಪದ ಪೆಟ್ಟಿಗೆಗೂ ಬೇಕು, ಪಟ್ಟಿಗೂ ಬೇಕು. ಆದ್ದರಿಂದ ಅದು ಇವೆರಡಕ್ಕೂ ಸಮಾನವಾದ, ಅತಿ ಹತ್ತಿರದ ಮೇಲಿನ ಕಾಂಪೊನೆಂಟ್‌ನಲ್ಲಿರಬೇಕು. ಅದಕ್ಕಿಂತ ಮೇಲೂ ಬೇಡ, ಕೆಳಗೂ ಬೇಡ. ಹಾಗಾದರೆ ಸೋಸಿ ಉಳಿದ ಪಟ್ಟಿ ಎಲ್ಲಿರಬೇಕು? ಎಲ್ಲಿಯೂ ಬೇಡ. ಮೂಲ ಪಟ್ಟಿಯೂ ಹುಡುಕುವ ಪದವೂ ಇದ್ದರೆ ಅದನ್ನು ರೆಂಡರ್ ಆಗುವಾಗ, ಎಂದರೆ ಪರದೆಯ ರೂಪ ಸಿದ್ಧವಾಗುವಾಗ, ಲೆಕ್ಕ ಹಾಕಿಕೊಳ್ಳಬಹುದು. ಹೊಸಬರು ಬರೆದ ರಿಯಾಕ್ಟ್ ಕೋಡ್‌ನಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಇದಕ್ಕೆ ತದ್ವಿರುದ್ಧವಾದದ್ದನ್ನು: ಸೋಸಿದ ಪಟ್ಟಿಗೂ ಸ್ಟೇಟ್ ಇಡುವ ಒಂದು ಯೂಸ್‌ಸ್ಟೇಟ್, ಅದನ್ನು ಮೂಲದೊಂದಿಗೆ ಹೊಂದಿಸಿಡಲು ರೆಂಡರ್ ಆದ ಮೇಲೆ ಓಡುವ ಒಂದು ಯೂಸ್‌ಎಫೆಕ್ಟ್. ಆಗ ಪ್ರತಿ ಅಕ್ಷರಕ್ಕೂ ಎರಡು ಬಾರಿ ರೆಂಡರ್ ಆಗುತ್ತದೆ, ಮೊದಲ ಬಾರಿ ಹಳೆಯ ಪಟ್ಟಿಯೇ ಇರುತ್ತದೆ. ಎಫೆಕ್ಟ್ ಅವಲಂಬಿಸುವ ಒಂದು ಹೆಸರನ್ನು ಬರೆಯಲು ಮರೆತರೂ ಸಾಕು, ಅಳಿಸಿದ ಕೆಲಸ ಪಟ್ಟಿಯಲ್ಲಿ ಹಾಗೇ ಕುಳಿತಿರುತ್ತದೆ. ಲೆಕ್ಕ ಹಾಕಿ ಪಡೆಯಬಹುದಾದದ್ದನ್ನು ಸಂಗ್ರಹಿಸಿಡಬೇಡಿ ಎಂಬ ಈ ಒಂದು ವಿಷಯವನ್ನು ವ್ಯೂನಲ್ಲಿ ಕಂಪ್ಯೂಟೆಡ್ ಎಂದೂ ಸ್ವೆಲ್ಟ್‌ನ ಐದನೆಯ ಆವೃತ್ತಿಯಲ್ಲಿ ಡಿರೈವ್ಡ್ ಎಂದೂ ಕಲಿಯುತ್ತೀರಿ. ರಿಯಾಕ್ಟ್‌ನಲ್ಲಿ ಬಹುಪಾಲು ಅದೊಂದು ಸಾಧಾರಣ ಸಾಲು ಅಷ್ಟೆ.

ಆರಂಭಿಸುವ ಬಗೆಯಲ್ಲಿ ಹೆಚ್ಚೇನೂ ಇಲ್ಲ. ಜಾವಾಸ್ಕ್ರಿಪ್ಟನ್ನು ಬ್ರೌಸರ್‌ನ ಹೊರಗೆ ಓಡಿಸುವ ನೋಡ್ ಜೆಎಸ್ ಹಾಕಿಕೊಂಡು, ಪ್ರಾಜೆಕ್ಟ್ ಕಟ್ಟಿಕೊಡುವ ಸಾಧನವಾದ ವೀಟ್ ಬಳಸಿ ಒಂದು ಪ್ರಾಜೆಕ್ಟ್ ತೆರೆಯಿರಿ. ಕ್ರಿಯೇಟ್ ರಿಯಾಕ್ಟ್ ಆ್ಯಪ್ ಎಂಬ ಸಾಧನದಿಂದ ಆರಂಭವಾಗುವ ಹಳೆಯ ಪಾಠಗಳನ್ನು ಬಿಟ್ಟುಬಿಡಿ, ಏಕೆಂದರೆ ಅದನ್ನು ಇನ್ನು ಬಳಸಬೇಡಿ ಎಂದು ರಿಯಾಕ್ಟ್ ತಂಡವೇ 2025ರಲ್ಲಿ ಹೇಳಿದೆ. ಕಾಂಪೊನೆಂಟ್ ಬರೆಯುವ ಹಳೆಯ ಬಗೆಯಾದ ಕ್ಲಾಸ್ ಕಾಂಪೊನೆಂಟ್‌ಗಳನ್ನೇ ಕಲಿಸುವ ಪಾಠಗಳು 2019ರಲ್ಲಿ ಯೂಸ್‌ಸ್ಟೇಟ್‌ನಂಥ ಹುಕ್ಸ್ ಬರುವ ಮೊದಲಿನವು; ಅವನ್ನು ಹಳೆಯ ಕೋಡ್ ಓದಬೇಕಾಗಿ ಬಂದಾಗ ನೋಡಿದರೆ ಸಾಕು. ಸ್ಟೇಟ್ ನಿಭಾಯಿಸಲೆಂದೇ ಇರುವ ಪ್ರತ್ಯೇಕ ಲೈಬ್ರರಿಗಳನ್ನು ಸದ್ಯಕ್ಕೆ ಮುಟ್ಟಬೇಡಿ.

ಮೇಲೆ ಹೇಳಿದ ಪಟ್ಟಿಯನ್ನೇ ಕಟ್ಟಿ: ಸೇರಿಸುವುದು, ಅಳಿಸುವುದು, ಹುಡುಕುವುದು, ಸಾಲಿಗೊಂದು ಟಿಪ್ಪಣಿ. ಕೋಡ್ ಬರೆಯುವ ಮೊದಲು ಪರದೆಯನ್ನು ಕಾಗದದ ಮೇಲೆ ಬಿಡಿಸಿ, ಬದಲಾಗುವ ಪ್ರತಿಯೊಂದು ಮಾಹಿತಿಯ ಪಕ್ಕದಲ್ಲೂ ಅದು ಯಾವ ಕಾಂಪೊನೆಂಟ್‌ಗೆ ಸೇರಿದ್ದೆಂದು ಬರೆಯಿರಿ. ಎಲ್ಲಿಯಾದರೂ ಎರಡು ಹೆಸರು ಬರೆಯಬೇಕೆನಿಸಿದರೆ ಆ ಕಾಗದವನ್ನು ತೆಗೆದುಕೊಂಡು ನನ್ನ ಬಳಿ ಬನ್ನಿ. ಅದರ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಕುಳಿತು ಮಾತಾಡುತ್ತೇನೆ.