ನರಿತಾದ ಹಾವುಮೀನು, ಕುಮಟೆಯ ಜುಮ್ಮನಕಾಯಿ

ಟೋಕಿಯೋದಲ್ಲಿ ನೋಡಿದ ಗೋಪುರ, ಉದ್ಯಾನಗಳ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ನನಗೆ ಹೇಳಬೇಕಿರುವುದು ವಾಪಸ್ ಹೊರಟ ದಿನ ನರಿತಾದಲ್ಲಿ ಭಾವನ ಜೊತೆ ಮಾಡಿದ ಊಟದ ಕಥೆ.

ನರಿತಾ ಅಂದರೆ ನಮಗೆಲ್ಲ ಟೋಕಿಯೋದ ವಿಮಾನ ನಿಲ್ದಾಣ ಅಷ್ಟೇ, ಅಲ್ವಾ? ಅಲ್ಲಿಂದ ರೈಲಿನಲ್ಲಿ ಹತ್ತು ನಿಮಿಷ ಹೋದರೆ ಹಳೇ ಊರು. ಕ್ರಿ.ಶ. 940ರಷ್ಟು ಹಳೆಯ ಶಿನ್‌ಶೋಜಿ ದೇವಸ್ಥಾನ ಅಲ್ಲಿದೆ. ಒಳಗೆ ದಿನಾ ಹೋಮ, ಹೊರಗೆ ಬೀದಿಯುದ್ದಕ್ಕೂ ಕೆಂಡದ ಮೇಲೆ ಹಾವುಮೀನು! ಹತ್ತಿರದ ಇನ್ಬಾ ಕೆರೆ, ತೋನೆ ನದಿಯ ಮೀನನ್ನು ಯಾತ್ರಿಕರಿಗೆ ಬಡಿಸುತ್ತಾ ಬೆಳೆದ ಬೀದಿ ಇದು.

ಮೊದಲು ಹೋದ ಹೋಟೆಲಿನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಚೀಟಿ ಕೊಟ್ಟು, ಒಂದು ಗಂಟೆ ಬಿಟ್ಟು ಬನ್ನಿ ಎಂದರು. ಹೇಳಿದ ಹೊತ್ತಿಗೆ ಸರಿಯಾಗಿ ಹೋದರೆ, ಇವತ್ತಿನ ಮೀನು ಮುಗಿಯಿತು ಎಂದು ಬಾಗಿ ಬಾಗಿ ಕ್ಷಮೆ ಕೇಳಿದರು. ಕ್ಷಮೆಯಿಂದ ಹೊಟ್ಟೆ ತುಂಬುತ್ತದೆಯೇ? ಹೋಗುವವರು ಬೆಳಗ್ಗೆಯೇ ಹೋಗಿ ಕೂತುಬಿಡಿ. ದೇವರ ದರ್ಶನ ಆಮೇಲೆ.

ಕೊನೆಗೆ ಜಾಗ ಸಿಕ್ಕಿದ್ದು 1910ರಲ್ಲಿ ಶುರುವಾದ ಕವಾತೊಯೊದಲ್ಲಿ. ಬಾಗಿಲ ಬಳಿಯೇ ದಪ್ಪ ಮರದ ಹಲಗೆಯ ಮುಂದೆ ಮೀನು ಸೀಳುವವರು ಕೂತಿದ್ದರು. ಒಬ್ಬರು ಒದ್ದಾಡುವ ಮೀನಿನ ತಲೆಗೆ ಮೊಳೆ ಹೊಡೆದು ಹಲಗೆಗೆ ಸಿಕ್ಕಿಸಿದರು. ಚಾಕು ಬೆನ್ನ ಮೇಲೆ ಸರ್ರೆಂದು ಬಾಲದವರೆಗೆ ಹೋಯಿತು. ಮೀನು ಪುಸ್ತಕದ ಹಾಗೆ ತೆರೆದುಕೊಂಡಿತು, ಮುಳ್ಳಿನ ಸಾಲು ಒಂದೇ ಎಳೆಯಾಗಿ ಎದ್ದು ಬಂತು. ಒಸಾಕಾ ಕಡೆ ಹೊಟ್ಟೆ ಸೀಳುತ್ತಾರಂತೆ. ಟೋಕಿಯೋ ಕಡೆ ಸಮುರಾಯ್‌ಗಳಿಗೆ ಹೊಟ್ಟೆ ಸೀಳುವುದೆಂದರೆ ಅಪಶಕುನ, ಅದಕ್ಕೇ ಬೆನ್ನು ಎನ್ನುವ ಮಾತಿದೆ. ಇಲ್ಲಿ ಮೊದಲು ಸುಟ್ಟು, ಹಬೆಯಲ್ಲಿ ಬೇಯಿಸಿ, ಮತ್ತೆ ಸೋಯಾ ರಸದಲ್ಲಿ ಅದ್ದಿ ಅದ್ದಿ ಸುಡುತ್ತಾರೆ.

ಅರಗಿನ ಡಬ್ಬಿಯಲ್ಲಿ ಬಿಸಿ ಅನ್ನ, ಮೇಲೆ ಮಿರಿಮಿರಿ ಮಿಂಚುವ ಮೀನು. ಬಾಯಿಗಿಟ್ಟರೆ ಮೆತ್ತಗೆ ಕರಗಿತು. ಆದರೆ ಸಿಹಿ! ಹುಳಿ ಖಾರದ ಬಂಗಡೆ ತಿಂದು ಬೆಳೆದ ನಾಲಿಗೆಗೆ ಸಿಹಿ ಮೀನು ಒಗ್ಗಲಿಲ್ಲ. ಮೇಜಿನ ಮೇಲೆ ಹಸಿರು ಪುಡಿಯ ಸಣ್ಣ ಡಬ್ಬಿ ಇತ್ತು. ಸುಮ್ನೆ ಉದುರಿಸಿಕೊಂಡೆ. ನಾಲಿಗೆ ಜುಮ್ಮೆಂದಿತು. ಹಿಂದೆಯೇ ನಿಂಬೆಯ ಘಮ.

"ಭಾವ, ಇದು ನಮ್ಮ ಕುಮಟೆಯಲ್ಲಿ ಮೀನು ಸಾರಿಗೆ ಹಾಕುವ ಜುಮ್ಮನಕಾಯಿ!"

"ಜಪಾನಿನಲ್ಲಿ ಎಂಥ ಜುಮ್ಮನಕಾಯಿ? ಅದು ಸಾನ್ಶೋ. ನಾನು ಹಾಕಿಕೊಳ್ಳುವುದೇ ಇಲ್ಲ."

"ಒಮ್ಮೆ ಹಾಕಿ ನೋಡಿ."

ಹಾಕಿಕೊಂಡರು. ಸ್ವಲ್ಪ ಹೊತ್ತು ಮಾತಿಲ್ಲ. "ಹೌದಲ್ಲೋ! ನಿನ್ನ ಅಕ್ಕನಿಗೆ ಇದು ಗೊತ್ತಾ?"

"ಫೋನ್ ಮಾಡಿ ಕೇಳಲಾ?"

"ಇಲ್ಲಿ ಕೂತು ಫೋನಲ್ಲಿ ಮಾತಾಡಬಾರದು ಮಾರಾಯ. ಮೆಸೇಜ್ ಹಾಕು."

ಅಕ್ಕನ ಉತ್ತರ ತಕ್ಷಣ ಬಂತು: "ನಾನು ಜಪಾನಿಗೆ ಬಂದ ವರ್ಷದಿಂದ ಬಂಗಡೆ ಸಾರಿಗೆ ಅದನ್ನೇ ಹಾಕ್ತಾ ಇದ್ದೇನೆ. ನಿನ್ನ ಭಾವನಿಗೆ ಈಗ ಗೊತ್ತಾಯ್ತಾ?"

ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದವರು ತಿರುಗಿ ನೋಡಿದರು. ಆಮೇಲೆ ಊಟ ತಣ್ಣಗಾಗುವವರೆಗೂ ಅದೇ ಮಾತು. ನಮ್ಮ ಕಡೆ ಬೀಜ ತೆಗೆದು ಒಣ ಸಿಪ್ಪೆಯನ್ನು ಜಜ್ಜಿ ಸಾರಿಗೆ ಹಾಕುತ್ತೇವೆ, ಇವರೂ ಸಿಪ್ಪೆಯನ್ನೇ ಪುಡಿ ಮಾಡುತ್ತಾರೆ. ಗಿಡಗಳು ಬೇರೆ ಬೇರೆಯಾದರೂ ಬಳಗ ಒಂದೇ, ನಿಂಬೆಯ ನೆಂಟರು. ಜುಮ್ಮನಕಾಯಿಗೆ ಖಡಕ್ಕು ಜಾಸ್ತಿ, ಸಾನ್ಶೋಗೆ ಘಮ ಜಾಸ್ತಿ ಎಂಬುದು ನನ್ನ ತೀರ್ಪು. ಭಾವ ಒಪ್ಪಲಿಲ್ಲ.

ಜಪಾನಿನ ಹಾವುಮೀನು 2014ರಿಂದ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ ಎಂದು ಭಾವ ಹೇಳಿದ್ದು ಬಿಲ್ ಬಂದ ಮೇಲೆ. ತಟ್ಟೆಗೆ ಬರುವುದು ಸಾಕಿದ ಮೀನೇ ಆದರೂ, ಮರಿಗಳನ್ನು ಸಮುದ್ರದ ಅಂಚಿನಿಂದಲೇ ಹಿಡಿದು ತರಬೇಕಂತೆ. ಊಟದ ದರ ಆಕಾಶಕ್ಕೆ ಏರಿರುವುದು ಯಾಕೆಂದು ಆಗ ಗೊತ್ತಾಯಿತು. ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ಕೇಳಿದೆ.

"ಹೇಳಿದ್ದರೆ ನೀನು ಬರುತ್ತಿರಲಿಲ್ಲ," ಎನ್ನುತ್ತಾ ಮೀನಿನ ಈಲಿ ಹಾಕಿದ ತಮ್ಮ ಸೂಪಿನ ಬಟ್ಟಲನ್ನೂ ನನ್ನ ಕಡೆ ತಳ್ಳಿದರು.