ಶಾರ್ಲೆಟ್ ಜೊತೆ ಒಂದು ಜಗಳ

14 ಜುಲೈ 2024, ಭಾನುವಾರ

ಜೇನ್ ಆಸ್ಟಿನ್‌ಳ ‘ಪರ್ಸುಯೇಷನ್’ ಮತ್ತೆ ಓದಿ ಮುಗಿಸಿದೆ. ಮುಗಿಸಿದ್ದೇ ತಡ, ಶಾರ್ಲೆಟ್ ಬ್ರಾಂಟಿ ಜೊತೆ ಜಗಳ ತೆಗೀಬೇಕು ಅನ್ನಿಸಿತು.

ಶಾರ್ಲೆಟ್‌ಳ ಕಾದಂಬರಿ ‘ಜೇನ್ ಏರ್’ ಬಂದದ್ದು 1847ರಲ್ಲಿ. ಆಸ್ಟಿನ್‌ಳನ್ನು ಓದು ಅಂತ ವಿಮರ್ಶಕ ಜಾರ್ಜ್ ಹೆನ್ರಿ ಲೂಯಿಸ್ ಅವಳಿಗೆ ಹೇಳಿದ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಓದಿ 1848ರ ಜನವರಿಯಲ್ಲಿ ಶಾರ್ಲೆಟ್ ಬರೆದ ಉತ್ತರ ಖಾರವಾಗಿತ್ತು. ಬೇಲಿ ಹಾಕಿ ಓರಣವಾಗಿ ಬೆಳೆಸಿದ ತೋಟವಂತೆ, ಬಯಲಿಲ್ಲ, ಗಾಳಿಯಿಲ್ಲ. 1850ರಲ್ಲಿ ‘ಎಮ್ಮಾ’ ಓದಿದ ಮೇಲೆ ಇನ್ನೂ ಮುಂದೆ ಹೋದಳು. ಈಕೆಗೆ ಉತ್ಕಟ ಭಾವನೆಗಳ ಪರಿಚಯವೇ ಇಲ್ಲ ಅಂದಳು.

ಹೌದಾ? ಹಾಗಾದ್ರೆ ಆ್ಯನ್ ಎಲಿಯಟ್‌ಗೆ, ‘ಪರ್ಸುಯೇಷನ್’ ನಾಯಕಿಗೆ, ಏನನ್ನಬೇಕು? 19ನೇ ವಯಸ್ಸಲ್ಲಿ ಹಿರಿಯರ ಮಾತು ಕೇಳಿ, ತಾನು ಪ್ರೀತಿಸಿದ್ದ ವೆಂಟ್‌ವರ್ತ್‌ನನ್ನು ಬೇಡ ಅಂದವಳು. 8 ವರ್ಷ ಆದ ಮೇಲೆ ಅವನು ನೌಕಾಪಡೆಯ ಕ್ಯಾಪ್ಟನ್ ಆಗಿ, ಕೈತುಂಬ ದುಡ್ಡು ಮಾಡಿಕೊಂಡು ವಾಪಸ್ ಬರುತ್ತಾನೆ. ಸರಿಯಾಗಿ ಮುಖ ಕೊಟ್ಟು ಮಾತಾಡುವುದಿಲ್ಲ. ಒಂದು ದಿನ ಆ್ಯನ್ ಮಂಡಿಯೂರಿ, ಪೆಟ್ಟಾದ ತಂಗಿ ಮಗನ ಆರೈಕೆ ಮಾಡುತ್ತಿರುತ್ತಾಳೆ. 2 ವರ್ಷದ ಇನ್ನೊಬ್ಬ ತುಂಟ ಬೆನ್ನೇರಿ ಕತ್ತು ಹಿಡಿದುಕೊಳ್ಳುತ್ತಾನೆ. ಬಿಡು ಅಂದರೂ ಬಿಡುವುದಿಲ್ಲ. ಇದ್ದಕ್ಕಿದ್ದಂತೆ ಬೆನ್ನಿನ ಭಾರ ಇಳಿಯುತ್ತದೆ. ಯಾರೋ ಆ ಪುಟ್ಟ ಕೈ ಬಿಡಿಸಿ ಮಗುವನ್ನು ಎತ್ತಿಕೊಂಡಿದ್ದಾರೆ. ವೆಂಟ್‌ವರ್ತ್ ಅಂತ ಗೊತ್ತಾದಾಗ ಅವಳ ಬಾಯಿಂದ ಥ್ಯಾಂಕ್ಸ್ ಕೂಡ ಹೊರಡುವುದಿಲ್ಲ. ಅಷ್ಟೇ ನಡೆದದ್ದು. ಇದು ಉತ್ಕಟ ಅಲ್ಲದಿದ್ದರೆ ಇನ್ಯಾವುದು?

ಶಾರ್ಲೆಟ್‌ಳ ನಾಯಕಿ ಜೇನ್ ಏರ್ ಹೀಗೆ ನುಂಗಿಕೊಳ್ಳುವವಳಲ್ಲ. ಬಡವಿ, ರೂಪವಿಲ್ಲದವಳು ಅಂತ ನನಗೆ ಆತ್ಮವೇ ಇಲ್ಲ ಅಂದ್ಕೊಂಡ್ರಾ ಅಂತ ಯಜಮಾನ ರಾಚೆಸ್ಟರ್‌ನನ್ನೇ ಕೇಳುತ್ತಾಳೆ. (ಆ ಪುಟ ಬಂದಾಗ ನಾನು ಕೂತಲ್ಲಿ ಕೂರಲಾರೆ.) ಅವತ್ತು ರಾತ್ರಿಯೇ ತೋಟದ ಮರಕ್ಕೆ ಸಿಡಿಲು ಬೇರೆ ಹೊಡೆಯುತ್ತದೆ! ಸ್ವಲ್ಪ ಜಾಸ್ತಿಯೇ ಆಯ್ತು, ಅಲ್ವಾ?

ಶಾರ್ಲೆಟ್‌ಳ ಎದೆಯೊಳಗಿನ ಬೆಂಕಿ ನಮಗೆ ಗೊತ್ತಾದದ್ದಾದರೂ ಹೇಗೆ? ಬ್ರಸೆಲ್ಸ್‌ನಲ್ಲಿ ತನಗೆ ಪಾಠ ಹೇಳಿದ ಎಜೆ (Heger) ಅನ್ನುವ ಮೇಷ್ಟ್ರಿಗೆ ಅವಳು ಬರೆದ ಕಾಗದಗಳಿಂದ. ಅವನಿಗೆ ಮದುವೆಯಾಗಿತ್ತು. ಹರಿದು ಹಾಕಿದ್ದ ಆ ಕಾಗದಗಳನ್ನು ಅವನ ಹೆಂಡತಿ ಆಯ್ದು, ದಾರ ಹಾಕಿ ಹೊಲಿದು ಇಟ್ಟಳು. ಆಸ್ಟಿನ್‌ಗೆ ಈ ಯೋಗ ಇರಲಿಲ್ಲ. ಅವಳ ಎಷ್ಟೋ ಕಾಗದಗಳನ್ನು ಅಕ್ಕ ಕಸಾಂಡ್ರಾ ಸುಟ್ಟಳು. 1802ರಲ್ಲಿ ಸಂಜೆ ಮದುವೆಗೆ ಒಪ್ಪಿ ಬೆಳಿಗ್ಗೆ ಆಗಲ್ಲ ಅಂದವಳು ಆಸ್ಟಿನ್. ಆ ರಾತ್ರಿ ಅವಳಿಗೆ ಏನೇನು ಅನ್ನಿಸಿತೋ, ನಮಗೆ ಸಿಗದು.

ವೆಂಟ್‌ವರ್ತ್ ಕೊನೆಗೆ ಬಾಯಿಬಿಡುವುದೂ ಕಾಗದದಲ್ಲೇ: ಅರ್ಧ ಸಂಕಟ, ಅರ್ಧ ಆಸೆ ಅಂತ. ಬ್ರಸೆಲ್ಸ್ ಟಪಾಲಿಗಾಗಿ ತಿಂಗಳುಗಟ್ಟಲೆ ಕಾದವಳಿಗೆ ಲೂಯಿಸ್ ಮೊದಲು ಇದನ್ನು ಓದಿಸಬೇಕಿತ್ತು.