ಸಂಜೆಯ ಸುಣ್ಣಕಲ್ಲು

ಹಾವೇರಿ ಜಿಲ್ಲೆಯ ನಮ್ಮ ಹೊಲದಲ್ಲಿ ಸಾಕಿರುವ 60 ಕೋಳಿಗಳು ಕಳೆದ ಬೇಸಿಗೆಯಲ್ಲಿ ಇಟ್ಟ ತತ್ತಿಗಳು ಬುಟ್ಟಿಗೆ ಹಾಕುವಾಗಲೇ ಬಿರಿಯತೊಡಗಿದವು. ಅಂಗಡಿಯವರು ಕೊಟ್ಟ ಕ್ಯಾಲ್ಸಿಯಂ ಔಷಧವನ್ನು ಪ್ರತಿದಿನ ಬೆಳಿಗ್ಗೆ ನೀರಿಗೆ ಬೆರೆಸಿದರೂ ಸಿಪ್ಪೆ ಗಟ್ಟಿಯಾಗಲಿಲ್ಲ. ಕೊನೆಗೆ ಪಶುವೈದ್ಯರೊಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಸುಣ್ಣದ ಅಂಶವನ್ನು ಯಾವ ಹೊತ್ತಿಗೆ ಕೊಡುತ್ತೀರಿ?

ಒಂದು ತತ್ತಿ ರೂಪುಗೊಳ್ಳಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಸಿಪ್ಪೆ ಕಟ್ಟುವುದಕ್ಕೇ ಹೋಗುತ್ತದೆ ಮತ್ತು ಅದರ ಬಹುಪಾಲು ನಡೆಯುವುದು ಕೋಳಿ ಏನನ್ನೂ ತಿನ್ನದ ರಾತ್ರಿಯಲ್ಲಿ. ಒಂದು ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕಾಗುವುದರಿಂದ, ಹೊಟ್ಟೆಯಲ್ಲಿ ದಾಸ್ತಾನು ಇಲ್ಲದಿದ್ದರೆ ಕೋಳಿ ಅದನ್ನು ತನ್ನ ಎಲುಬಿನಿಂದಲೇ ಹೆಚ್ಚು ಹೆಚ್ಚಾಗಿ ತೆಗೆಯುತ್ತದೆ. ನುಣ್ಣನೆಯ ಪುಡಿ ಬೇಗ ಕರಗಿ ಸಾಗಿಹೋಗುತ್ತದೆ. 2ರಿಂದ 4 ಮಿಲಿಮೀಟರ್ ಗಾತ್ರದ ಸುಣ್ಣಕಲ್ಲಿನ ಹರಳು ಅಥವಾ ಕಪ್ಪೆಚಿಪ್ಪಿನ ಚೂರು ಕಾಳು ಅರೆಯುವ ಜಠರದಲ್ಲಿ ಉಳಿದು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಬೇರೊಂದು ತಟ್ಟೆಯಲ್ಲಿ ಇದನ್ನು ಇಡಲು ಆರಂಭಿಸಿದ ಮೇಲೆ ಬಿರಿಯುವ ತತ್ತಿಗಳು ಕಡಿಮೆಯಾದವು. ಪೂರ್ತಿ ನಿಲ್ಲಲಿಲ್ಲ, ಏಕೆಂದರೆ ಬಿಸಿಲಿಗೆ ಕೋಳಿ ಏದುಸಿರು ಬಿಟ್ಟಾಗ ರಕ್ತದ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಸಿಪ್ಪೆಗೆ ಬೇಕಾದ ಕಾರ್ಬೊನೇಟ್ ಕೂಡ ಸಾಲದಾಗುತ್ತದೆ. ಅದಕ್ಕೆ ನೆರಳು ಮತ್ತು ತಣ್ಣೀರೇ ಮೊದಲ ಮದ್ದು.

ತತ್ತಿಯೊಳಗಿನ ಹಳದಿ ಭಾಗ, ಅಂದರೆ ಭಂಡಾರದ ಬಣ್ಣದ ಮಾತು ಬೇರೆ. ಕೋಳಿ ಆ ಬಣ್ಣವನ್ನು ತಾನೇ ತಯಾರಿಸಲಾರದು, ಮೇವಿನಿಂದಲೇ ಪಡೆಯಬೇಕು. ನಮ್ಮ ಭಾಗದ ಹಳದಿ ಗೋವಿನಜೋಳ ಅದನ್ನು ಕೊಡುತ್ತದೆ, ಬ್ಯಾಡಗಿ ಮೆಣಸಿನಕಾಯಿಯ ಪುಡಿ ಕೆಂಪು ಛಾಯೆ ತರುತ್ತದೆ. ಖಾರ ಕೋಳಿಗೆ ತಟ್ಟುವುದಿಲ್ಲ. ಆದರೆ ಬಣ್ಣ ಗಾಢವಾದ ಮಾತ್ರಕ್ಕೆ ಪ್ರೋಟೀನ್ ಹೆಚ್ಚಾಗುವುದಿಲ್ಲ ಎಂಬುದನ್ನು ಸಂತೆಯಲ್ಲಿ ಕೇಳುವವರಿಗೆಲ್ಲ ಹೇಳುತ್ತೇನೆ. ಪೋಷಕಾಂಶವನ್ನೇ ಬದಲಿಸುವುದು ಅಗಸಿ ಬೀಜ: ಅದನ್ನು ತಿಂದ ಕೋಳಿಯ ಭಂಡಾರದಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳು ಹೆಚ್ಚುತ್ತವೆ. ಮೇವಿನಲ್ಲಿ ಅದರ ಪಾಲು ನೂರಕ್ಕೆ 10ನ್ನು ಮೀರಿದರೆ ತತ್ತಿಗೆ ಮೀನಿನಂಥ ವಾಸನೆ ಬರಬಹುದು. ನಾನು 5ಕ್ಕೇ ನಿಲ್ಲಿಸಿದ್ದೇನೆ.

ಇನ್ನೂ ತತ್ತಿಗೆ ಬಾರದ ಎಳೆಯ ಕೋಳಿಗಳನ್ನು ಬೇರೆ ಗೂಡಿನಲ್ಲಿ ಇಡುತ್ತೇನೆ. ಅಧಿಕ ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆಯಾದ್ದರಿಂದ, ಸಂಜೆಯ ಆ ತಟ್ಟೆ ಅಲ್ಲಿಗೆ ಹೋಗುವುದಿಲ್ಲ.